ಹಳೆಯ ಕನ್ನಡ ಚಿತ್ರಗಳ ನೆಗೆಟಿವ್‌ಗಳು ಎಲ್ಲಿವೆ? ಚಲನಚಿತ್ರ ಅಕಾಡೆಮಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು, ಕರ್ನಾಟಕ ಚಲನಚಿತ್ರ ಅಕಾಡೆಮಿ, ಬೆಂಗಳೂರು;
ಹಾಗೂ ಆಯುಕ್ತರು, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಬೆಂಗಳೂರು.

ವಿಷಯ: ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಕನ್ನಡ ಚಿತ್ರಪರಂಪರೆಗೆ ಕಾಯಂ ವಿಭಾಗವೊಂದನ್ನು ತೆರೆದು, ವರ್ಷಕ್ಕೆ ಒಂದಾದರೂ ಹಳೆಯ ಚಿತ್ರವನ್ನು ಜೀರ್ಣೋದ್ಧಾರ ಮಾಡಿ ತೋರಿಸುವ ಬಗ್ಗೆ.

ಮಾನ್ಯರೇ,

1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ದಿಂದ ಕನ್ನಡ ವಾಕ್ಚಿತ್ರದ ವಯಸ್ಸನ್ನು ಎಣಿಸುತ್ತೇವೆ. ಅದನ್ನು ನಿರ್ದೇಶಿಸಿದವರು ವೈ.ವಿ. ರಾವ್. ಸಂಭಾಷಣೆ ಮತ್ತು ಹಾಡುಗಳು ಬೆಳ್ಳಾವೆ ನರಹರಿ ಶಾಸ್ತ್ರಿಗಳವು. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ತ್ರಿಪುರಾಂಬ ಸುಲೋಚನೆಯಾಗಿ, ಆರ್. ನಾಗೇಂದ್ರರಾವ್ ರಾವಣನಾಗಿ ನಟಿಸಿದರು. ಇಡೀ ತಂಡ ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋಗೆ ಹೋಗಿ ಚಿತ್ರೀಕರಣ ಮುಗಿಸಿಕೊಂಡು ಬಂದಿತ್ತು. ಇಷ್ಟೆಲ್ಲ ವಿವರಗಳು ನಮಗೆ ಬಾಯಿಪಾಠವಾಗಿವೆ, ಚಿತ್ರವೇ ಇಲ್ಲ. ಅದರ ಪ್ರತಿ ಎಲ್ಲೂ ಉಳಿದಿಲ್ಲ. ಅದಕ್ಕೂ ಮೊದಲಿನ ಮೂಕಿಚಿತ್ರಗಳ ಕಥೆಯೂ ಇದೇ. ಟಿ.ಪಿ. ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದ, ಮೋಹನ್ ಭವನಾನಿ ನಿರ್ದೇಶನದ ‘ವಸಂತಸೇನಾ’ ಎಂಬ ಮೂಕಿಚಿತ್ರವೊಂದು ಇತ್ತು ಎಂದು ಪುಸ್ತಕಗಳಲ್ಲಿ ಓದಬಹುದು; ಕೈಲಾಸಂ ಅವರು ಕ್ಯಾಮೆರಾದ ಮುಂದೆ ಹೇಗೆ ನಡೆದರು, ಹೇಗೆ ಕಣ್ಣು ಹಾಯಿಸಿದರು ಎಂಬುದನ್ನು ಕಾಣುವ ಭಾಗ್ಯ ನಮಗಿಲ್ಲ.

ಮಾರ್ಚ್ 3ನ್ನು ವಿಶ್ವ ಕನ್ನಡ ಸಿನಿಮಾ ದಿನವೆಂದು ಆಚರಿಸುವ ರೂಢಿಯನ್ನು ತಾವು ಬೆಳೆಸಿದ್ದೀರಿ. 2034ರಲ್ಲಿ ಅದೇ ದಿನ ಕನ್ನಡ ವಾಕ್ಚಿತ್ರಕ್ಕೆ ನೂರು ತುಂಬುತ್ತದೆ. ಆ ವರ್ಷ ಸರ್ಕಾರ, ಅಕಾಡೆಮಿ, ವಾಣಿಜ್ಯ ಮಂಡಳಿಗಳು ಸೇರಿ ದೊಡ್ಡ ಸಮಾರಂಭವನ್ನೇ ಮಾಡುವುದು ಖಂಡಿತ. ಮೆರವಣಿಗೆ, ಸನ್ಮಾನ, ಸ್ಮರಣ ಸಂಚಿಕೆ ಯಾವುದಕ್ಕೂ ಕೊರತೆಯಾಗಲಾರದು. ಆ ಹೊತ್ತಿಗೆ ಬೆಳ್ಳಿತೆರೆಯ ಮೇಲೆ ತೋರಿಸಲು ನಮ್ಮ ಬಳಿ ಏನಿರುತ್ತದೆ ಎಂಬುದು ಮಾತ್ರ ಈಗ, ಈ ಕೆಲವು ವರ್ಷಗಳಲ್ಲಿ ತೀರ್ಮಾನವಾಗುವ ಸಂಗತಿ. ಆದ್ದರಿಂದಲೇ, ಕೊರಳಿಗೆ ಪ್ರತಿನಿಧಿ ಕಾರ್ಡು ಹಾಕಿಕೊಂಡು ಉತ್ಸವದ ಸಾಲಿನಲ್ಲಿ ನಿಲ್ಲುವುದಕ್ಕಿಂತ ಹೆಚ್ಚಿನ ಯಾವ ಅಧಿಕಾರವೂ ಇಲ್ಲದ ಪ್ರೇಕ್ಷಕನೊಬ್ಬ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದಾನೆ.

ಉತ್ಸವದ ಬಗ್ಗೆ ನನಗೆ ಗೌರವವಿದೆ. 2006ರಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿಯ ಮುಂದಾಳತ್ವದಲ್ಲಿ ಮೊದಲಾಗಿ, ಬಳಿಕ ಅಕಾಡೆಮಿಯ ಹೊಣೆಗೆ ಬಂದ ಈ ಉತ್ಸವ ಏಷ್ಯಾದ ಚಿತ್ರಗಳಿಗೆ, ಚಿತ್ರಭಾರತಿಯ ಹೆಸರಿನಲ್ಲಿ ಭಾರತೀಯ ಚಿತ್ರಗಳಿಗೆ, ಕನ್ನಡದ ಹೊಸ ಚಿತ್ರಗಳಿಗೆ ಪ್ರತ್ಯೇಕ ಸ್ಪರ್ಧೆಗಳನ್ನು ನಡೆಸುತ್ತಿದೆ. ಬೇರೆ ದಾರಿಯಲ್ಲಿ ನಮ್ಮ ಊರಿನ ತೆರೆಗೆ ಬರಲಾರದ ದೇಶಗಳ ಚಿತ್ರಗಳನ್ನು ತರಿಸುತ್ತಿದೆ. ಅಗಲಿದವರಿಗೆ ನಮನ, ಹಿರಿಯರ ಚಿತ್ರಗಳ ಪುನರಾವಲೋಕನ ಇವೂ ನಡೆಯುತ್ತವೆ. ನನ್ನ ಕೋರಿಕೆ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಪುನರಾವಲೋಕನಕ್ಕೆ ಸಿಕ್ಕ ಪ್ರತಿಯನ್ನು ತಂದು ತೋರಿಸುವುದು ಒಂದು ಕೆಲಸ. ತೋರಿಸಲು ಯೋಗ್ಯವಾದ ಪ್ರತಿಯೊಂದು ಉಳಿಯುವಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಉತ್ಸವವೇ ತನ್ನ ಕೆಲಸವೆಂದು ಒಪ್ಪಿಕೊಳ್ಳಬೇಕು ಎಂಬುದು ಈ ಪತ್ರದ ಒಟ್ಟು ತಾತ್ಪರ್ಯ.

ಮೊದಲಿಗೆ ಚಿತ್ರಗಳು ಎಲ್ಲಿವೆ ಎಂಬ ಪ್ರಶ್ನೆ. ಕನ್ನಡ ಚಿತ್ರರಂಗ ದಶಕಗಳ ಕಾಲ ಬಹುಮಟ್ಟಿಗೆ ಮದರಾಸಿನಲ್ಲಿ ನೆಲೆಸಿತ್ತು. ರಾಜ್‌ಕುಮಾರ್ ಅವರು ನಾಯಕರಾಗಿ ಬಂದ ‘ಬೇಡರ ಕಣ್ಣಪ್ಪ’ (1954) ಗುಬ್ಬಿ ಕಂಪನಿಯ ಹೆಸರಿನಲ್ಲಿ ತಯಾರಾದರೂ ಅದರ ಸ್ಟುಡಿಯೋ, ಕ್ಯಾಮೆರಾ, ಲ್ಯಾಬ್‌ಗಳಿಗೆ ಮದರಾಸೇ ಗತಿಯಾಗಿತ್ತು. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ಯನ್ನು (1964) ತೆಗೆದ ಬಿ.ಎಸ್. ರಂಗಾ ಅವರ ವಿಕ್ರಂ ಸ್ಟುಡಿಯೋ ಇದ್ದದ್ದೂ ಅಲ್ಲೇ. ಆ ಕಾಲದ ವ್ಯವಹಾರದಲ್ಲಿ ನೆಗೆಟಿವ್, ಅಂದರೆ ಪ್ರಿಂಟುಗಳನ್ನೆಲ್ಲ ತೆಗೆಯುವ ಮೂಲ ಫಿಲಂ ಸುರುಳಿ, ನಿರ್ಮಾಪಕರ ಮನೆಗೆ ಬರುತ್ತಿದ್ದುದು ಅಪರೂಪ. ಅದು ಲ್ಯಾಬ್‌ನಲ್ಲಿಯೇ ಇರುತ್ತಿತ್ತು, ವಿತರಕರಿಗೆ ಬೇಕಾದಾಗ ಅಲ್ಲಿಂದಲೇ ಪ್ರಿಂಟು ಹಾಕಿಸಲಾಗುತ್ತಿತ್ತು, ಬಾಕಿ ತೀರದಿದ್ದರೆ ಅದೇ ಒತ್ತೆಯೂ ಆಗುತ್ತಿತ್ತು. ಈ ಶತಮಾನದ ಎರಡನೆಯ ದಶಕದಲ್ಲಿ ಚಿತ್ರೀಕರಣ ಮತ್ತು ಬಿಡುಗಡೆ ಎರಡೂ ಡಿಜಿಟಲ್ ಆದಾಗ ಆ ಲ್ಯಾಬ್‌ಗಳು ಒಂದೊಂದಾಗಿ ಕೆಲಸ ನಿಲ್ಲಿಸಿದವು. ಡಬ್ಬಿಗಳನ್ನು ಬಿಡಿಸಿಕೊಂಡು ಹೋಗಬೇಕಾದ ನಿರ್ಮಾಪಕರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಕ್ಕಳಿಗೆ ಆ ಡಬ್ಬಿಗಳು ಬಾಡಿಗೆ ಕಟ್ಟಬೇಕಾದ ಹೊರೆಯಾಗಿ ಕಂಡಿದ್ದರೆ ಅವರನ್ನು ದೂರಲಾಗದು.

ಸೆಲ್ಯುಲಾಯ್ಡ್ ಎಂಬುದು ನಾವು ಭಾವಿಸಿದಷ್ಟು ಗಟ್ಟಿಯಾದ ವಸ್ತುವಲ್ಲ. ಐವತ್ತರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲಂ ಕಿಡಿ ತಾಗಿದರೆ ಸಾಕು ಹೊತ್ತಿಕೊಳ್ಳುತ್ತದೆ, ನೀರಿನೊಳಗೂ ಉರಿಯುತ್ತದೆ. 2003ರ ಜನವರಿಯಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಯಲ್ಲಿ ಭಾರತದ ಆರಂಭಕಾಲದ ಚಿತ್ರಗಳ ನೈಟ್ರೇಟ್ ರೀಲುಗಳು ಸುಟ್ಟುಹೋದದ್ದು ತಮಗೆ ತಿಳಿದೇ ಇದೆ. ಆಮೇಲೆ ಬಂದ ಅಸಿಟೇಟ್ ಫಿಲಂಗೆ ಬೆಂಕಿಯ ಭಯ ಕಡಿಮೆ, ಆದರೆ ಸೆಕೆ ಮತ್ತು ತೇವದಲ್ಲಿ ಅದು ತನ್ನೊಳಗಿಂದಲೇ ಕೊಳೆಯತೊಡಗುತ್ತದೆ. ಡಬ್ಬಿಯ ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಫಿಲಂ ಕುಗ್ಗಿ, ಸುರುಳಿಗೊಂಡು, ಕೊನೆಗೆ ಪುಡಿಯಾಗುತ್ತದೆ. ಒಂದು ಡಬ್ಬಿಗೆ ಹತ್ತಿದ ಈ ರೋಗ ಪಕ್ಕದ ಡಬ್ಬಿಗೂ ಹರಡುತ್ತದೆ. ಬಣ್ಣದ ಚಿತ್ರಗಳಲ್ಲಿ ನೀಲಿ, ಹಸಿರುಗಳು ಮೊದಲು ಮಾಸಿ ಎಲ್ಲವೂ ಕೆಂಪಾಗುತ್ತವೆ. ಕಪ್ಪುಬಿಳುಪಿನ ಪ್ರಿಂಟುಗಳಿಗೆ ಇನ್ನೊಂದು ಅಪಾಯವಿತ್ತು: ಅವುಗಳಲ್ಲಿನ ಬೆಳ್ಳಿಯನ್ನು ತೆಗೆದುಕೊಳ್ಳಲು ಗುಜರಿಯವರು ತೂಕದ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಮದರಾಸಿನ ಹವೆಯಲ್ಲಿ, ಹವಾನಿಯಂತ್ರಣ ಇಲ್ಲದ ಗೋದಾಮಿನಲ್ಲಿ ಐವತ್ತು ವರ್ಷ ಕಳೆದ ನೆಗೆಟಿವ್‌ನ ಸ್ಥಿತಿ ಹೇಗಿರಬಹುದೆಂದು ಊಹಿಸಲು ತಜ್ಞರೇ ಬೇಕಾಗಿಲ್ಲ.

ಇಲ್ಲಿ ಒಂದು ವಿಪರ್ಯಾಸವಿದೆ. ಕನ್ನಡದ ಹೊಸ ಅಲೆಯ ಚಿತ್ರಗಳು ಸ್ವಲ್ಪ ಸುರಕ್ಷಿತ ಜಾಗದಲ್ಲಿವೆ. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಹೀಗೆ ಸ್ವರ್ಣಕಮಲ ಪಡೆದ ಚಿತ್ರಗಳ ಜತೆಗೆ ರಾಷ್ಟ್ರಪ್ರಶಸ್ತಿಯ ಅನೇಕ ಕನ್ನಡ ಚಿತ್ರಗಳು 1964ರಲ್ಲಿ ಸ್ಥಾಪನೆಯಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಕಣ್ಣಿಗೆ ಬಿದ್ದವು, ಪಿ.ಕೆ. ನಾಯರ್ ಅವರಂಥ ಸಂಗ್ರಾಹಕರು ಅಲ್ಲಿ ಇದ್ದದ್ದು ನಮ್ಮ ಪುಣ್ಯ. ಜನ ಮುಗಿಬಿದ್ದು ನೋಡಿದ ಚಿತ್ರಗಳಿಗೆ ಆ ಅದೃಷ್ಟ ಇರಲಿಲ್ಲ. ಕೆಂಪೇಗೌಡ ರಸ್ತೆಯಲ್ಲಿ ಶತದಿನ ಓಡಿದ ಪ್ರಿಂಟು ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಅಲ್ಲಿಂದ ಟೆಂಟಿಗೆ ಹೋಗುತ್ತ ಹೋಗುತ್ತ ಹರಿದು, ಅಂಟಿಸಿಕೊಂಡು, ಗೆರೆ ಬಿದ್ದು ಮುಗಿದುಹೋಗುತ್ತಿತ್ತು. ಬೇಡಿಕೆ ಹೆಚ್ಚಿದ್ದ ಚಿತ್ರದ ನೆಗೆಟಿವ್‌ನಿಂದ ಮತ್ತೆ ಮತ್ತೆ ಪ್ರಿಂಟು ತೆಗೆದು ನೆಗೆಟಿವ್ ಕೂಡ ಸವೆಯುತ್ತಿತ್ತು. ಪತ್ತೇದಾರಿ ಚಿತ್ರಗಳು, ಹಾಸ್ಯಚಿತ್ರಗಳು, ಜಾನಪದ ಮಾಯಾಮಂತ್ರದ ಚಿತ್ರಗಳಂತೂ ಗಂಭೀರ ಚರ್ಚೆಗೆ ಯೋಗ್ಯವೆಂದು ಯಾರೂ ಭಾವಿಸದೇ ಹೋದುದರಿಂದ ಅವನ್ನು ಕಾಪಿಡುವ ಯೋಚನೆಯೂ ಬರಲಿಲ್ಲ. ಹೀಗೆ ಅತಿ ಹೆಚ್ಚು ಜನ ಪ್ರೀತಿಸಿದ ಚಿತ್ರಗಳೇ ಅತಿ ಹೆಚ್ಚು ಅಪಾಯದಲ್ಲಿವೆ. ಅಕಾಡೆಮಿ ತನ್ನ ಮೊದಲ ಪಟ್ಟಿಯನ್ನು ಪ್ರಶಸ್ತಿಗಳ ಆಧಾರದ ಮೇಲೆ ಮಾಡಬಾರದೆಂದು ನಾನು ಕೇಳಿಕೊಳ್ಳುವುದು ಈ ಕಾರಣಕ್ಕೆ.

“ಹಳೆಯ ಚಿತ್ರಗಳೆಲ್ಲ ಯೂಟ್ಯೂಬಿನಲ್ಲಿ ಇವೆಯಲ್ಲ” ಎಂಬ ಮಾತನ್ನು ಚಿತ್ರರಂಗದ ಒಳಗಿನವರಿಂದಲೇ ಕೇಳಿದ್ದೇನೆ. ಅಲ್ಲಿರುವುದರಲ್ಲಿ ಹೆಚ್ಚಿನವು ವಿಡಿಯೋ ಕ್ಯಾಸೆಟ್ ಮತ್ತು ವಿಸಿಡಿಯ ಕಾಲದಲ್ಲಿ ಸವೆದ ಪ್ರಿಂಟಿನಿಂದ ಇಳಿಸಿಕೊಂಡ ಪ್ರತಿಗಳು. ಅಗಲ ತೆರೆಗೆಂದು ತೆಗೆದ ದೃಶ್ಯದ ಎರಡೂ ಬದಿ ಕತ್ತರಿಸಿ ಟಿವಿಯ ಚೌಕಕ್ಕೆ ಹೊಂದಿಸಿರುತ್ತಾರೆ. ಮೂಲೆಯಲ್ಲಿ ಕಂಪನಿಯ ಮುದ್ರೆ, ಕೆಳಗೆ ಓಡುವ ಜಾಹೀರಾತು, ಮಧ್ಯೆ ಹಾರಿಹೋದ ರೀಲು, ಗೊಗ್ಗರು ಧ್ವನಿ. ನಾಲ್ಕು ಸಾಲು ಸಂಭಾಷಣೆ ಮತ್ತು ಒಂದು ಹಾಡಿಗೆ ಅದು ಸಾಕಾಗಬಹುದು. ಛಾಯಾಗ್ರಾಹಕ ಒಂದು ಮುಖದ ಮೇಲೆ ಎಷ್ಟು ಬೆಳಕು ಬಿಟ್ಟಿದ್ದ, ಹಿಂದಿನ ಗೋಡೆಯನ್ನು ಎಷ್ಟು ಕತ್ತಲಿಗೆ ಇಳಿಸಿದ್ದ ಎಂಬುದು ಅದರಲ್ಲಿ ಕಾಣುವುದಿಲ್ಲ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಮೈಸೂರಿನ ವಿ.ಕೆ. ಮೂರ್ತಿಯವರು, ಅವರು ಕಲಿತದ್ದು ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ. ಬೆಳಕಿನ ಕಸುಬುದಾರರನ್ನು ದೇಶಕ್ಕೇ ಕೊಟ್ಟ ಊರು ತನ್ನದೇ ಭಾಷೆಯ ಚಿತ್ರಗಳ ಬೆಳಕನ್ನು ಮೊಬೈಲಿನ ಮಸುಕು ಪ್ರತಿಯಲ್ಲಿ ನೋಡಿ ತೃಪ್ತಿಪಡುವುದು ಸರಿಯಲ್ಲ.

ಬಣ್ಣ ಹಚ್ಚುವುದನ್ನೂ ಜೀರ್ಣೋದ್ಧಾರವೆಂದು ಕರೆಯಬಾರದು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಕೊಂಡು ಮರುಬಿಡುಗಡೆಯಾದಾಗ ಜನ ಸಂಭ್ರಮದಿಂದ ಹೋಗಿ ನೋಡಿದರು. ಹಳೆಯ ಚಿತ್ರಕ್ಕೂ ಚಿತ್ರಮಂದಿರದಲ್ಲಿ ಪ್ರೇಕ್ಷಕರಿದ್ದಾರೆ ಎಂಬುದನ್ನು ಆ ಪ್ರಯತ್ನಗಳು ತೋರಿಸಿಕೊಟ್ಟವು. ಅದಕ್ಕೆ ನಾವು ಋಣಿಗಳು. ಆದರೆ ಕಪ್ಪುಬಿಳುಪಿನಲ್ಲಿ ಯೋಚಿಸಿ, ಕಪ್ಪುಬಿಳುಪಿಗೆ ಬೆಳಕು ಹೊಂದಿಸಿ ತೆಗೆದ ಚಿತ್ರವನ್ನು ತೆಗೆದವರ ಕಲ್ಪನೆಯಂತೆಯೇ ಉಳಿಸಿಕೊಡುವುದು ಸಾರ್ವಜನಿಕ ಹಣದ ಕೆಲಸ. ಬಣ್ಣದ ವ್ಯಾಪಾರ ಮಾಡುವವರು ಮಾಡಿಕೊಳ್ಳಲಿ, ಅಕಾಡೆಮಿಯ ಅನುದಾನ ಅತ್ತ ಹರಿಯದಿರಲಿ.

ಸರಿಯಾದ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆ ನಮ್ಮ ಮುಂದಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) 2024ರಲ್ಲಿ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಹೊಸದಾಗಿ ತೆರೆಕಂಡಿತು. ಪುಣೆಯಲ್ಲಿ ಉಳಿದಿದ್ದ ಮೂಲ ಕ್ಯಾಮೆರಾ ನೆಗೆಟಿವ್ ಅದಕ್ಕೆ ಆಧಾರವಾಯಿತು. ಶಿವೇಂದ್ರ ಸಿಂಗ್ ಡುಂಗರಪುರ ಅವರ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಸಂಸ್ಥೆಯ ವಿಶ್ವ ಸಿನಿಮಾ ಯೋಜನೆ ಸೇರಿ, ಇಟಲಿಯ ಬೊಲೋನ್ಯಾ ನಗರದ ಲ್ಯಾಬ್‌ನಲ್ಲಿ ಆ ಕೆಲಸ ಮಾಡಿಸಿದವು. ಯು.ಆರ್. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ ಇವೆಲ್ಲ ನಲವತ್ತೇಳು ವರ್ಷಗಳ ನಂತರ ಹೊಸ ಪ್ರೇಕ್ಷಕರ ಎದುರು ನಿಂತವು. ಅದಕ್ಕಾಗಿ ಹಣ ಕೊಟ್ಟದ್ದು ಅಮೆರಿಕದ ಒಂದು ಕುಟುಂಬ ಪ್ರತಿಷ್ಠಾನ. ಅವರಿಗೆ ಕೃತಜ್ಞತೆ ಹೇಳುವುದರ ಜತೆಗೆ ಒಂದಿಷ್ಟು ಸಂಕೋಚವೂ ನಮಗೆ ಆಗಬೇಕಲ್ಲವೇ? ಮಲಯಾಳದ ಅರವಿಂದನ್ ಅವರ ‘ತಂಪ್’, ಮಣಿಪುರದ ‘ಇಶಾನೌ’, ಗುಜರಾತಿನ ಹಾಲು ಉತ್ಪಾದಕರ ಹಣದಿಂದ ತಯಾರಾದ ‘ಮಂಥನ್’ ಚಿತ್ರಗಳೂ ಇದೇ ರೀತಿ ಮರುಜೀವ ಪಡೆದು ಕಾನ್ ಉತ್ಸವಕ್ಕೆ ಹೋದವು. ಹೊರಗಿನವರ ಆಯ್ಕೆಗೆ ಕಾಯುತ್ತ ಕುಳಿತರೆ ದಶಕಕ್ಕೆ ಒಂದೆರಡು ಕನ್ನಡ ಚಿತ್ರಗಳು ಉಳಿದಾವು, ಅದೂ ಹೊರಗಿನ ಉತ್ಸವಗಳಿಗೆ ಒಪ್ಪುವ ಮಾದರಿಯವು.

ಕೆಲಸದ ಗಾತ್ರವನ್ನೂ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇದನ್ನು ಯಾರಾದರೂ ಒಂದು ಟೆಂಡರಿನಲ್ಲಿ, ಮೂರು ತಿಂಗಳಲ್ಲಿ ಮುಗಿಯುವ ಬಾಬತ್ತೆಂದು ತಿಳಿದರೆ ಚಿತ್ರಗಳಿಗೇ ಹಾನಿ. ಎರಡೂವರೆ ಗಂಟೆಯ ಚಿತ್ರವೊಂದರಲ್ಲಿ ಸೆಕೆಂಡಿಗೆ 24ರಂತೆ 2,16,000 ಚೌಕಟ್ಟುಗಳಿರುತ್ತವೆ. ಮೊದಲು ರೀಲುಗಳನ್ನು ಬಿಚ್ಚಿ, ಫಿಲಂ ಅಂಚಿನ ಹರಿದ ತೂತುಗಳನ್ನು ಕೈಯಿಂದ ಸರಿಪಡಿಸಿ, ಹಳೆಯ ಅಂಟುಗಳನ್ನು ತೆಗೆದು, ತೊಳೆದು, ಆಮೇಲೆ ಪ್ರತಿ ಚೌಕಟ್ಟನ್ನೂ ಸ್ಕ್ಯಾನ್ ಮಾಡಬೇಕು. ಒಂದು ನೆಗೆಟಿವ್‌ನಲ್ಲಿ ಕಾಣೆಯಾದ ರೀಲನ್ನು ಬೇರೆಲ್ಲಿಯೋ ಸಿಕ್ಕ ಪ್ರಿಂಟಿನಿಂದ ತುಂಬಿಸಬೇಕು. ಧ್ವನಿಯ ನೆಗೆಟಿವ್ ಬೇರೆಯೇ ಇರುತ್ತದೆ, ಅದಕ್ಕೆ ಬೇರೆಯೇ ಶುಶ್ರೂಷೆ. ಕೊನೆಗೆ ಬೆಳಕು ಮತ್ತು ಬಣ್ಣದ ಮಟ್ಟವನ್ನು ನಿರ್ಧರಿಸುವಾಗ ನಿರ್ದೇಶಕರೋ ಛಾಯಾಗ್ರಾಹಕರೋ ಸಹಾಯಕರಾಗಿದ್ದವರೋ ಪಕ್ಕದಲ್ಲಿ ಕೂತು “ಹೀಗಿತ್ತು” ಎಂದು ಹೇಳಬೇಕು. ಈ ಕೊನೆಯ ಮಾತಿಗೆ ಗಡುವಿದೆ. ಲೀಲಾವತಿ, ದ್ವಾರಕೀಶ್, ಎಸ್.ಕೆ. ಭಗವಾನ್, ಬಿ. ಸರೋಜಾದೇವಿ ಇವರೆಲ್ಲ ಹೋದದ್ದು ಈಚಿನ ಕೆಲವೇ ವರ್ಷಗಳಲ್ಲಿ. ತಾರೆಯರು ಹೋದಾಗ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರುತ್ತದೆ. ಲ್ಯಾಬ್‌ನಲ್ಲಿ ದುಡಿದ ತಂತ್ರಜ್ಞ, ಸಂಕಲನಕಾರರ ಸಹಾಯಕ, ಧ್ವನಿಗ್ರಾಹಕ ಹೋದಾಗ ಯಾರಿಗೂ ಗೊತ್ತಾಗುವುದಿಲ್ಲ. ಯಾವ ಚಿತ್ರದ ನೆಗೆಟಿವ್ ಯಾವ ಗೋದಾಮಿಗೆ ಹೋಯಿತು ಎಂಬುದು ನೆನಪಿದ್ದರೆ ಅಂಥವರಿಗೇ. ಉತ್ಸವದ ವೇದಿಕೆಗೆ ಕರೆದು ಶಾಲು ಹೊದಿಸುವ ಮುನ್ನ ಅವರ ಮನೆಗೆ ಹೋಗಿ ರೆಕಾರ್ಡರ್ ಇಟ್ಟು ಮಾತಾಡಿಸಬೇಕಾಗಿದೆ.

ಹಣದ ಮಾತಿಗೆ ಬರುತ್ತೇನೆ. 2025-26ರ ರಾಜ್ಯ ಆಯವ್ಯಯದಲ್ಲಿ ಮೈಸೂರಿನಲ್ಲಿ 150 ಎಕರೆಯಲ್ಲಿ, ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂಪಾಯಿಯ ಚಿತ್ರನಗರಿಯನ್ನು ಘೋಷಿಸಲಾಯಿತು. ಅದೇ ಭಾಷಣದಲ್ಲಿ, ಕನ್ನಡ ಚಿತ್ರಗಳನ್ನು ಡಿಜಿಟಲ್ ಮತ್ತು ಡಿಜಿಟಲೇತರ ರೂಪಗಳಲ್ಲಿ ಸಂರಕ್ಷಿಸುವ ಭಂಡಾರವೊಂದಕ್ಕೆ 3 ಕೋಟಿ ರೂಪಾಯಿಯನ್ನೂ ಘೋಷಿಸಲಾಯಿತು. ಮೊತ್ತ ಸಣ್ಣದೆಂದು ನಾನು ಮೂಗು ಮುರಿಯುವುದಿಲ್ಲ. ಇಂಥದ್ದೊಂದು ಸಾಲು ಆಯವ್ಯಯದಲ್ಲಿ ಬಂದದ್ದೇ ಸ್ವಾಗತಾರ್ಹ. ಆ ಹಣದಲ್ಲಿ ತಣ್ಣನೆಯ, ಒಣಹವೆಯ ದೊಡ್ಡ ಉಗ್ರಾಣವನ್ನು ಕಟ್ಟಿ ನಡೆಸುವುದು ಕಷ್ಟವಾದೀತು. ಹುಡುಕಾಟ, ಪಟ್ಟಿ, ತುರ್ತಾಗಿ ಕೈಹಾಕಬೇಕಾದ ಕೆಲವು ಚಿತ್ರಗಳ ಸ್ಕ್ಯಾನಿಂಗ್ ಮಾತ್ರ ಖಂಡಿತ ಸಾಧ್ಯ. ಆದ್ದರಿಂದ ಮೊದಲ ಕಂತಿನ ಹಣ ಕಟ್ಟಡಕ್ಕೆ, ಪೀಠೋಪಕರಣಕ್ಕೆ, ಲಾಂಛನಕ್ಕೆ ಹೋಗದೆ ಚೆನ್ನೈ, ಪುಣೆ, ಮುಂಬೈಗಳಿಗೆ ಹೋಗಿ ಡಬ್ಬಿಗಳನ್ನು ತೆರೆದು ನೋಡುವ ನಾಲ್ಕಾರು ತರಬೇತಾದ ಜನರ ಮೇಲೆ ಖರ್ಚಾಗಬೇಕು. ಯಾವ ಚಿತ್ರದ್ದು ಏನು ಉಳಿದಿದೆ, ಎಷ್ಟು ರೀಲು, ಯಾವ ಸ್ಥಿತಿ, ಯಾರ ವಶ ಎಂಬ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಈ ಪಟ್ಟಿ ಇಲ್ಲದೆ ಯಾವ ಭಂಡಾರವೂ ಭಂಡಾರವಾಗದು. ಕೇಂದ್ರ ಸರ್ಕಾರವು 597 ಕೋಟಿ ರೂಪಾಯಿಯ ರಾಷ್ಟ್ರೀಯ ಚಲನಚಿತ್ರ ಪರಂಪರೆ ಅಭಿಯಾನವನ್ನು ನಡೆಸುತ್ತಿದೆ. ಅದರಿಂದ ಕನ್ನಡದ ಪಾಲನ್ನು ಹಕ್ಕಿನಿಂದ ಕೇಳಬೇಕಾದರೂ ನಮ್ಮ ಕೈಯಲ್ಲಿ ಒಂದು ಖಚಿತ ಪಟ್ಟಿ ಇರಬೇಕಾಗುತ್ತದೆ.

ಹಕ್ಕುಗಳ ತೊಡಕನ್ನು ಮುಂದಿಟ್ಟು ಕೆಲಸವನ್ನು ಮುಂದೂಡುವುದು ಸುಲಭ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರವೊಂದರ ಹಕ್ಕಿನ ಅವಧಿ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಂದರೆ ಐವತ್ತರ ದಶಕದವರೆಗಿನ ಕನ್ನಡ ಚಿತ್ರಗಳೆಲ್ಲ ಈಗಾಗಲೇ ಸಾರ್ವಜನಿಕ ಸ್ವತ್ತಾಗಿವೆ. ಅರವತ್ತರ ದಶಕದವು ವರ್ಷ ವರ್ಷವೂ ಆ ಸಾಲಿಗೆ ಸೇರುತ್ತಿವೆ. ಡಬ್ಬಿ ಯಾರ ವಶದಲ್ಲಿದೆಯೋ ಅವರೊಂದಿಗೆ ಮಾತಾಡಬೇಕಾದ್ದು ನಿಜ, ಅಲ್ಲಿ ಸರ್ಕಾರದ ಕಾಗದವೊಂದಕ್ಕೆ ಖಾಸಗಿ ವ್ಯಕ್ತಿಯ ವಿನಂತಿಗಿಂತ ಹೆಚ್ಚು ತೂಕವಿರುತ್ತದೆ. ಹೊಸ ಚಿತ್ರಗಳ ವಿಷಯದಲ್ಲಿ ದಾರಿ ಇನ್ನೂ ಸರಳ. ಪುಸ್ತಕ ಪ್ರಕಟಿಸಿದವರು ಗ್ರಂಥಾಲಯಕ್ಕೆ ಪ್ರತಿ ಒಪ್ಪಿಸಬೇಕೆಂಬ ಕಾನೂನು 1954ರಿಂದಲೇ ದೇಶದಲ್ಲಿದೆ, ಚಲನಚಿತ್ರಕ್ಕೆ ಅಂಥ ಕಾನೂನಿಲ್ಲ. ರಾಜ್ಯ ಸರ್ಕಾರ ಸಹಾಯಧನ ಕೊಡುವ ಮತ್ತು ರಾಜ್ಯ ಪ್ರಶಸ್ತಿ ಕೊಡುವ ಪ್ರತಿ ಚಿತ್ರದ ಬೀಗಮುಕ್ತ (ಪಾಸ್‌ವರ್ಡಿಲ್ಲದೆ ತೆರೆಯುವ) ಡಿಜಿಟಲ್ ಮಾಸ್ಟರ್ ಪ್ರತಿಯೊಂದು ಭಂಡಾರ ಸೇರಬೇಕೆಂಬ ಷರತ್ತನ್ನು ಇಲಾಖೆ ಒಂದು ಆದೇಶದಲ್ಲಿ ತರಬಹುದು. ಡಿಜಿಟಲ್ ಎಂದರೆ ಚಿರಂಜೀವಿ ಎಂಬ ಭ್ರಮೆಯೂ ಬೇಡ: ಹತ್ತು ವರ್ಷದ ಹಿಂದಿನ ಹಾರ್ಡ್‌ಡಿಸ್ಕ್ ತೆರೆದುಕೊಳ್ಳದೆ, ತೆರೆದುಕೊಂಡರೂ ಚಿತ್ರದ ಪಾಸ್‌ವರ್ಡು ಯಾರಿಗೂ ಗೊತ್ತಿಲ್ಲದೆ ಪರದಾಡಬೇಕಾಗುವ ಸಂದರ್ಭಗಳು ಬಂದೇ ಬರುತ್ತವೆ. ಎಂಬತ್ತು ವರ್ಷದ ಸೆಲ್ಯುಲಾಯ್ಡ್‌ಗಿಂತ ಎಂಟು ವರ್ಷದ ಡಿಸ್ಕ್ ಮೊದಲು ಕೈಕೊಟ್ಟೀತು.

ಇಷ್ಟನ್ನೂ ಒಂದು ಇಲಾಖೆಯ ಕಡತದಲ್ಲಿ ಮಾಡಬಹುದಲ್ಲ, ಉತ್ಸವಕ್ಕೆ ಏಕೆ ಗಂಟುಹಾಕಬೇಕು ಎಂದು ತಾವು ಕೇಳಬಹುದು. ಉತ್ಸವಕ್ಕೆ ತಾರೀಖು ಇರುತ್ತದೆ. ಮುಂದಿನ ಆವೃತ್ತಿಯ ಇಂಥ ದಿನ, ಇಂಥ ತೆರೆಯ ಮೇಲೆ, ಇಂಥ ಚಿತ್ರ ಎಂದು ಪ್ರಕಟಿಸಿದ ಮೇಲೆ ಕಡತ ನಿದ್ದೆ ಹೋಗಲಾರದು. ಬೊಲೋನ್ಯಾ ನಗರದಲ್ಲಿ 1986ರಿಂದ ನಡೆಯುತ್ತಿರುವ ಚಿತ್ರೋತ್ಸವ ಹಳೆಯ, ಕಳೆದುಹೋಗಿ ಸಿಕ್ಕಿದ, ಜೀರ್ಣೋದ್ಧಾರಗೊಂಡ ಚಿತ್ರಗಳಿಗೇ ಮೀಸಲು. ಅಲ್ಲಿನ ಊರ ಮಧ್ಯದ ಚೌಕದಲ್ಲಿ ಬೇಸಿಗೆಯ ರಾತ್ರಿ ಸಾವಿರಾರು ಜನ ಬಯಲಿನಲ್ಲಿ ಕೂತು, ತಮ್ಮ ಅಜ್ಜಂದಿರ ಕಾಲದ ಚಿತ್ರಗಳನ್ನು ಟಿಕೆಟಿಲ್ಲದೆ ನೋಡುತ್ತಾರೆ. ಆ ಉತ್ಸವ, ಅಲ್ಲಿನ ಸಂಗ್ರಹಾಲಯ, ‘ಘಟಶ್ರಾದ್ಧ’ಕ್ಕೆ ಮರುಜೀವ ಕೊಟ್ಟ ಲ್ಯಾಬ್ ಇವೆಲ್ಲ ಒಂದಕ್ಕೊಂದು ಆಸರೆಯಾಗಿ ಬೆಳೆದವು. ನಮ್ಮ ಉತ್ಸವದ 16ನೆಯ ಆವೃತ್ತಿಯನ್ನು ವಿಧಾನಸೌಧದ ಮುಂಭಾಗದ ಮೆಟ್ಟಿಲುಗಳ ಮೇಲೆ ಉದ್ಘಾಟಿಸಲಾಯಿತು. ಅದೇ ಜಾಗದಲ್ಲಿ, ಭಾಷಣಗಳನ್ನು ಅರ್ಧ ಗಂಟೆಗೆ ಮುಗಿಸಿ, ದೊಡ್ಡ ತೆರೆ ಕಟ್ಟಿ, ಹೊಸ ಹೊಳಪು ಪಡೆದ ಕಪ್ಪುಬಿಳುಪು ಕನ್ನಡ ಚಿತ್ರವೊಂದನ್ನು ಊರಿನ ಜನರಿಗೆಲ್ಲ ತೋರಿಸಿದರೆ ಅದಕ್ಕಿಂತ ಒಳ್ಳೆಯ ಉದ್ಘಾಟನೆ ಬೇರೆ ಯಾವುದಿದೆ?

ಬೆಂಗಳೂರಿನ ಹೊರಗಿನವರನ್ನೂ ಮರೆಯಬಾರದು. ಎಪ್ಪತ್ತರ ದಶಕದಲ್ಲಿಯೇ ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ರೈತರಿಗೆ, ವಿದ್ಯಾರ್ಥಿಗಳಿಗೆ ತೋರಿಸಿತು; ಪುಣೆಯಿಂದ ಸತೀಶ್ ಬಹಾದುರ್, ಪಿ.ಕೆ. ನಾಯರ್ ಬಂದು ರಸಗ್ರಹಣ ಶಿಬಿರ ನಡೆಸಿದರು. ಉತ್ಸವವೂ ಕೆಲವು ವರ್ಷ ಮೈಸೂರಿಗೆ ಹೋಗಿ ಬಂದಿದೆ. ವರ್ಷಕ್ಕೊಂದು ಚಿತ್ರ ಸಿದ್ಧವಾದರೆ ಅದನ್ನು ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಶಿವಮೊಗ್ಗಗಳಿಗೆ ಒಯ್ಯುವ ಖರ್ಚು ಹೆಚ್ಚಿನದೇನಲ್ಲ. ಮಂಗಳೂರಿನ ವಿಷಯ ಬಂದದ್ದರಿಂದ ಹೇಳುತ್ತೇನೆ: ಈ ಪತ್ರದಲ್ಲಿ ಕನ್ನಡ ಚಿತ್ರ ಎಂದಿರುವಲ್ಲೆಲ್ಲ 1971ರ ‘ಎನ್ನ ತಂಗಡಿ’ಯಿಂದ ಮೊದಲಾಗುವ ತುಳು ಚಿತ್ರಗಳನ್ನೂ, ಕೊಡವ, ಕೊಂಕಣಿ, ಬ್ಯಾರಿ ಚಿತ್ರಗಳನ್ನೂ ಸೇರಿಸಿ ಓದಿಕೊಳ್ಳಬೇಕು. ಅವುಗಳ ಪ್ರಿಂಟುಗಳ ಸಂಖ್ಯೆಯೇ ಕಡಿಮೆ ಇದ್ದುದರಿಂದ ಅಪಾಯ ಹೆಚ್ಚು.

ಪೋಸ್ಟರು, ಚಿತ್ರಮಂದಿರದ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ, ಸ್ಥಿರಚಿತ್ರ, ಕೈಬರಹದ ಚಿತ್ರಕಥೆ ಇವು ಮನೆಮನೆಗಳ ಅಟ್ಟದ ಮೇಲಿವೆ. ಕರೆ ಕೊಟ್ಟರೆ ಜನ ತಾವಾಗಿಯೇ ತಂದುಕೊಡುತ್ತಾರೆ. ಸಾಗರ್, ಮೆಜೆಸ್ಟಿಕ್, ಕಪಾಲಿ ಚಿತ್ರಮಂದಿರಗಳನ್ನು ಉಳಿಸುವುದು ಅಕಾಡೆಮಿಯ ಕೈಯಲ್ಲಿರಲಿಲ್ಲ, ಅವುಗಳ ಟಿಕೆಟಿನ ತುಂಡು ಮತ್ತು ಫೋಟೋಗಳನ್ನು ಕೂಡಿಡುವುದು ಈಗಲೂ ಇದೆ.

ಹಾಗಾದರೆ ಯಾವ ಚಿತ್ರದಿಂದ ಆರಂಭಿಸಬೇಕು? ಪಟ್ಟಿ ನೋಡದೆ ಹೆಸರು ಹೇಳುವುದು ದುಡುಕಾದೀತು. ಅತ್ಯಂತ ಮೆಚ್ಚಿನ ಚಿತ್ರಕ್ಕಿಂತ ಅತ್ಯಂತ ಬೇಗ ಹಾಳಾಗುತ್ತಿರುವ ಚಿತ್ರ ಮೊದಲು ಎಂಬುದು ಈ ಕೆಲಸದ ಸಾಮಾನ್ಯ ನ್ಯಾಯ. ಆದರೂ ಪ್ರೇಕ್ಷಕನಾಗಿ ನನ್ನ ಒಲವನ್ನು ಮುಚ್ಚಿಡಲಾರೆ. ನಲವತ್ತು ಮತ್ತು ಐವತ್ತರ ದಶಕಗಳ ಚಿತ್ರಗಳಲ್ಲಿ ಏನೇ ಸಿಕ್ಕರೂ ಅದಕ್ಕೆ ಮೊದಲ ಮಣೆ ಸಲ್ಲಬೇಕು, ಎಂ.ವಿ. ರಾಜಮ್ಮನವರು ನಿರ್ಮಾಪಕಿಯಾಗಿ ತಯಾರಿಸಿದ ‘ರಾಧಾರಮಣ’ದ (1943) ಒಂದೆರಡು ರೀಲುಗಳಾದರೂ ಎಲ್ಲಾದರೂ ಸಿಗಬಹುದೇ ಎಂದು ಹುಡುಕಿಸಿ. ಎನ್. ಲಕ್ಷ್ಮೀನಾರಾಯಣರ ‘ನಾಂದಿ’ (1964), ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’, ಪ್ರೇಮಾ ಕಾರಂತರ ‘ಫಣಿಯಮ್ಮ’ ಇವು ದೊಡ್ಡ ತೆರೆಯ ಮೇಲೆ ಹೇಗೆ ಕಾಣುತ್ತವೆಂದು ಇಂದಿನ ಮೂವತ್ತರ ಒಳಗಿನವರಿಗೆ ಗೊತ್ತೇ ಇಲ್ಲ. ಉತ್ಸವಕ್ಕೆ ಬರುವ ಪ್ರತಿನಿಧಿಗಳಲ್ಲಿ ಅಂಥ ಹುಡುಗ-ಹುಡುಗಿಯರು ಎಷ್ಟು ಮಂದಿ ಇರುತ್ತಾರೆಂಬುದನ್ನು ಸಾಲಿನಲ್ಲಿ ನಿಂತಾಗಲೆಲ್ಲ ನೋಡುತ್ತಿದ್ದೇನೆ. ಕೊರಿಯಾ, ಇರಾನಿನ ನಿರ್ದೇಶಕರ ಹೆಸರನ್ನು ಅವರು ತಪ್ಪಿಲ್ಲದೆ ಹೇಳುತ್ತಾರೆ. ಅವರು ಲಕ್ಷ್ಮೀನಾರಾಯಣರ ಹೆಸರನ್ನೂ ಹಾಗೆಯೇ ಹೇಳಬೇಕೆಂದರೆ ಚಿತ್ರ ಎದುರಿಗೆ ಇರಬೇಕು.

ಕೆಲಸಗಾರರು ಇಲ್ಲಿಯೇ ತಯಾರಾಗಬೇಕು. ಫಿಲ್ಮ್ ಹೆರಿಟೇಜ್ ಫೌಂಡೇಷನ್ ಅಂತರರಾಷ್ಟ್ರೀಯ ಸಂಗ್ರಹಾಲಯಗಳ ಒಕ್ಕೂಟದ ಸಹಯೋಗದಲ್ಲಿ ನಡೆಸುವ ಸಂರಕ್ಷಣಾ ತರಬೇತಿ ಶಿಬಿರಗಳು ಚೆನ್ನೈ, ಹೈದರಾಬಾದ್, ತಿರುವನಂತಪುರಗಳಲ್ಲಿ ನಡೆದಿವೆ. ಅಂಥದೊಂದು ಶಿಬಿರವನ್ನು ಅಕಾಡೆಮಿ ಬೆಂಗಳೂರಿಗೆ ಆಹ್ವಾನಿಸಲಿ, ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಗಳಿಗೆ ಅದರಲ್ಲಿ ಜಾಗ ಮೀಸಲಿಡಲಿ. ರೀಲು ಓಡಿಸಬಲ್ಲ ಒಂದು 35 ಎಂಎಂ ಪ್ರೊಜೆಕ್ಟರನ್ನೂ ಅದನ್ನು ನಡೆಸಬಲ್ಲ ಹಳೆಯ ಆಪರೇಟರ್ ಒಬ್ಬರನ್ನೂ ಉತ್ಸವ ಕಾಯಂ ಆಗಿ ಇಟ್ಟುಕೊಳ್ಳಲಿ. ಸಿಕ್ಕ ಪ್ರಿಂಟನ್ನು ಪರೀಕ್ಷಿಸಲಾದರೂ ಅದು ಬೇಕೇ ಬೇಕು.

ತಮ್ಮಿಂದ ನಾನು ನಿರೀಕ್ಷಿಸುವ ಉತ್ತರ ದೀರ್ಘವಾಗಿರಬೇಕಿಲ್ಲ. ಆಯವ್ಯಯದಲ್ಲಿ ಘೋಷಿಸಿದ ಭಂಡಾರದ ಕೆಲಸ ಯಾವ ಹಂತದಲ್ಲಿದೆ, ಅದರ ಹೊಣೆ ಯಾರದು, ಹುಡುಕಾಟದ ತಂಡ ಯಾವಾಗ ಚೆನ್ನೈಗೆ ಹೊರಡುತ್ತದೆ ಎಂಬುದನ್ನು ತಿಳಿಸಿ. ಉತ್ಸವದ ಮುಂದಿನ ಆವೃತ್ತಿಯ ಪ್ರಕಟಣೆಯೊಂದಿಗೆ, ಈವರೆಗೆ ಪತ್ತೆಯಾದ ಕನ್ನಡ ಚಿತ್ರಗಳ ಮೊದಲ ಪಟ್ಟಿಯನ್ನು, ಅದು ಎಷ್ಟೇ ಅಪೂರ್ಣವಾಗಿದ್ದರೂ, ಅಕಾಡೆಮಿಯ ಜಾಲತಾಣದಲ್ಲಿ ಹಾಕಿ. ಅದರಲ್ಲಿ ಬಿಟ್ಟುಹೋದ ಚಿತ್ರದ ಡಬ್ಬಿ ಯಾರ ಮನೆಯಲ್ಲಾದರೂ ಇದ್ದರೆ ಅವರು ತಿಳಿಸಲು ಒಂದು ದೂರವಾಣಿ ಸಂಖ್ಯೆಯನ್ನೂ, ಕರೆ ಬಂದರೆ ತೆಗೆದುಕೊಳ್ಳುವ ಒಬ್ಬ ಸಿಬ್ಬಂದಿಯನ್ನೂ ಗೊತ್ತುಮಾಡಿ.

ವಂದನೆಗಳೊಂದಿಗೆ,
ಇತಿ ತಮ್ಮ ವಿಶ್ವಾಸಿ,
ಉತ್ಸವದ ಪ್ರೇಕ್ಷಕನೊಬ್ಬ